ಮೈಗೆ ಹತ್ತುವುದು

ತಟ್ಟೆಯ ಮೇಲೆ ಬರೆದದ್ದು ಬರೀ ಅಂಕಿ: ನಲವತ್ತೊಂದು.
ಹೆಸರು ಬರೆಯುವಂತಿಲ್ಲ, ನಿಯಮ.
ಆದರೂ ನನಗೆ ಗೊತ್ತು, ಇದು ಚಿಲೇಶೆ,
ಲುಸಾಕಾದ ಕನ್ಯಾಮ ಕೇರಿಯ ಮೂರು ವರ್ಷದ ಹುಡುಗ,
ತಕ್ಕಡಿಯ ಮೇಲೆ ನಿಂತರೆ
ಅಲುಗಲೋ ಬೇಡವೋ ಎಂದು ಮುಳ್ಳು ಯೋಚಿಸುತ್ತದೆ.

"ತಿನ್ನುತ್ತಾನೆ ಮುತಿಂತಾ" ಅಂದಿದ್ದಳು ಅವನ ತಾಯಿ.
"ನ್ಶಿಮಾ ಮುದ್ದೆ ತಿನ್ನುತ್ತಾನೆ, ಸೊಪ್ಪು ತಿನ್ನುತ್ತಾನೆ,
ಕಪೆಂಟಾ ಮೀನಿನ ತಲೆಯನ್ನೂ ಬಿಡುವುದಿಲ್ಲ.
ತಿಂದದ್ದು ಮೈಗೆ ಹತ್ತುವುದಿಲ್ಲ, ಅಷ್ಟೇ."
ಆ ಅಷ್ಟೇಗಾಗಿ ಈ ಕಟ್ಟಡ,
ಈ ಮೂರು ಫ್ರಿಜ್ಜು, ನನ್ನ ಸಂಬಳ.

ಕೊಳವೆ ಇಳಿಸಿ ಡಾಕ್ಟರು ತೆಗೆದದ್ದು
ಎಳ್ಳುಕಾಳಿನಷ್ಟು ಕರುಳು.
ಒಳಗೆ ಎಳೆಬೆರಳುಗಳಿರಬೇಕಿತ್ತು, ಮಖಮಲ್ಲಿನ ಹಾಗೆ,
ಹಾದುಹೋಗುವ ತುತ್ತನ್ನು ಹಿಡಿದು ನಿಲ್ಲಿಸಲು.
ಇದ್ದದ್ದು ಮೇಕೆ ಮೇದು ಬಿಟ್ಟ ಬಯಲು.
ಬುಡದ ಗುಳಿಗಳಲ್ಲಿ ಮಾತ್ರ ಕೆಲವು ಜೀವಕೋಶ
ಹಟ ಹಿಡಿದು ಕೂತಿದ್ದವು.
ಅವನ್ನೆಬ್ಬಿಸಿ, ಒಂದು ಹನಿ ಜೆಲ್ಲಿನೊಳಗೆ ಕೂರಿಸಿ
ಗುಲಾಬಿ ರಸ ಎರೆದೆ.
ಮೂವತ್ತೇಳು ಡಿಗ್ರಿ. ದಿನ ಬಿಟ್ಟು ದಿನ ಹೊಸ ರಸ.
ಕರೆಂಟು ಹೋದ ರಾತ್ರಿ ಜನರೇಟರಿನ ಪಕ್ಕ
ಕುರ್ಚಿ ಹಾಕಿ ಕೂತೆ. ಗಂಡ ಫೋನಿನಲ್ಲಿ
"ಯಾರಿಗೆ ಜ್ವರ?" ಅಂತ ಕೇಳಿದ.

ಐದನೇ ದಿನ ಉಬ್ಬಿತು. ಹತ್ತನೇ ದಿನ ಮೊಗ್ಗು ಬಿಟ್ಟಿತು.
ಸಾಸಿವೆಗಿಂತ ಸಣ್ಣ ಕರುಳು, ಸಾಬೂನು ಗುಳ್ಳೆಯಂಥದ್ದು.
ತೊಂದರೆ ಇಷ್ಟೇ: ಅದರ ಬಾಯೆಲ್ಲ ಒಳಮುಖ.
ಉಣ್ಣುವ ಮೈ ಒಳಗೆ, ಬೆನ್ನು ನಮ್ಮ ಕಡೆ,
ಮುನಿಸಿಕೊಂಡ ಮಗು ಗೋಡೆಗೆ ತಿರುಗಿ ಕೂತ ಹಾಗೆ.
ಜೆಲ್ಲನ್ನು ಮೆಲ್ಲಗೆ ತೊಳೆದು ಬಿಟ್ಟರೆ
ಒಂದೆರಡು ದಿನದಲ್ಲಿ ತಾನೇ ಮಗುಚಿಕೊಳ್ಳುತ್ತದೆ,
ಕಾಲುಚೀಲ ಒಳಹೊರಗಾದಂತೆ.
ಏಳರಲ್ಲಿ ಮೂರು ಹಾಳಾಗುತ್ತವೆ. ಅದನ್ನೂ ಬರೆದಿಡುತ್ತೇನೆ.

ಗುರುವಾರ ತಪಾಸಣೆಗೆ ಬಂದವಳು ನೋಡಬೇಕೆಂದಳು.
ನೋಡಿದಳು. ಬಹಳ ಹೊತ್ತು.
"ಏನು ಹಾಕುತ್ತೀರಿ ಇದಕ್ಕೆ?"
ಹೇಳಿದೆ: ಸಕ್ಕರೆ, ಉಪ್ಪು, ಬೆಳೆಸುವ ಪ್ರೋಟೀನು.
ಬೆಲೆ ಹೇಳಲಿಲ್ಲ. ಬೆರಳುದ್ದದ ಒಂದು ಸೀಸೆಗೆ
ಅವಳೆಷ್ಟು ಮೂಟೆ ಇದ್ದಿಲು ಮಾರಬೇಕೆಂದು
ನನ್ನ ತಲೆ ಲೆಕ್ಕ ಹಾಕಿ ಅರ್ಧಕ್ಕೇ ಬಿಟ್ಟಿತು.
ಅವಳು ಚಿತೆಂಗೆ ಬಟ್ಟೆಯ ಗಂಟು ಬಿಚ್ಚಿ
ಕುಟ್ಟಿದ ಶೇಂಗಾ ಪುಡಿಯ ಪೊಟ್ಟಣ ಇಟ್ಟಳು.
"ಇದನ್ನೂ ಹಾಕಿ ನೋಡು. ತಪ್ಪು ನನ್ನ ಅಡುಗೆಯದೋ ಏನೋ."

ಹಾಗೆಲ್ಲ ಹಾಕಲು ಬರುವುದಿಲ್ಲ. ಸಮಿತಿ ಇದೆ.
ಸಮಿತಿಗೆ ಬರೆದೆ; ಐದು ವಾರ.
ಆಮೇಲೆ ಗಾಜಿನ ಹೊಟ್ಟೆಯಲ್ಲಿ ಆಮ್ಲ ಬೆರೆಸಿ, ಪಿತ್ತ ಬೆರೆಸಿ
ಅವಳ ಶೇಂಗಾ ಅರಗಿಸಿದೆ. ಹೊಳೆಯುವ ಕೊಬ್ಬು ಒಂದು ತೊಟ್ಟು.
ಬಾಗಿಲು ಹಾಕಿ ದೀಪ ಆರಿಸಿದೆ.

ಕುಡಿಯಿತು.
ಅಂಚಿನಿಂದ ಒಳಕ್ಕೆ ಹಸಿರು
ಹನಿ ಹನಿಯಾಗಿ ಇಳಿಯಿತು.
ಪಕ್ಕದ ತಟ್ಟೆಯಲ್ಲಿ ಇಪ್ಪತ್ತಾರು, ಗಟ್ಟಿಮುಟ್ಟಾದ ಮಗುವಿನದು;
ಎರಡರ ನಡುವೆ ಕಡ್ಡಿ ತೂರುವಷ್ಟೂ ವ್ಯತ್ಯಾಸವಿಲ್ಲ.
ಮೂರು ಸಲ ಮಾಡಿದೆ. ಮೂರು ಸಲವೂ ಉಂಡಿತು
ಕನ್ಯಾಮದ ಚರಂಡಿ ಕಾಣದ ಈ ಕರುಳ ಕುಡಿ,
ಮಳೆಗಾಲದಲ್ಲಿ ಕಕ್ಕಸುಗುಂಡಿ ಉಕ್ಕಿ
ಬಾವಿಗಿಳಿಯುವುದನ್ನು ಅರಿಯದ ಕುಡಿ.

ತಪ್ಪು ಅಡುಗೆಯದಲ್ಲ ಅಂದೆ. ಇವನ ಕರುಳಿಗೆ ಉಣ್ಣಲು ಬರುತ್ತದೆ.
ಇರುವ ಜಾಗ, ಕುಡಿಯುವ ನೀರು... ಒಂದೇ ತಟ್ಟೆ ನೋಡಿ ಹೇಳಲಾಗದು,
ಇನ್ನೂ ನೂರು ಮಕ್ಕಳು ಬೇಕು, ಅಂತೆಲ್ಲ ತೊದಲಿದೆ.
ಅವಳು ಇನ್‌ಕ್ಯುಬೇಟರಿನ ಗಾಜಿನ ಬಾಗಿಲನ್ನು
ಮನೆ ಹುಡುಕುವವರ ಹಾಗೆ ಮೇಲಿಂದ ಕೆಳಗೆ ನೋಡಿದಳು.
"ಈ ಮನೆಗೆ ಬಾಡಿಗೆ ಎಷ್ಟು?"

ಅಷ್ಟರಲ್ಲಿ ಚಿಲೇಶೆ ಸ್ಟೂಲು ಹತ್ತಿ
ಕಣ್ಣಿಡುವ ಕಡೆ ಬಾಯಿಟ್ಟು
ಹಾ ಎಂದು ಉಸಿರು ಬಿಟ್ಟ.
ಕಾಗದ ತಂದು ಒರೆಸಿದೆ.
ಲೆನ್ಸಿಗೆ ಮೆತ್ತಿದ್ದು ಶೇಂಗಾ.